ಐದು ವೋಲ್ಟಿನ ಮೇಲೊಂದಿಷ್ಟು ಕೊಸರು

ಮನುಷ್ಯನಿಗೆ ಸಿಟ್ಟು ಮಾಡಿಕೊಳ್ಳಲು ಯಾರಾದರೊಬ್ಬರು ಬೇಕು. ಕೆಲವರಿಗೆ ಸರ್ಕಾರವಿದೆ, ಕೆಲವರಿಗೆ ಬೀಗರಿದ್ದಾರೆ, ಯಾರೂ ಇಲ್ಲದವರಿಗೆ ಬಿಸಿಲಾದರೂ ಇದೆ. ನನಗಿರುವುದು ಕರೆಂಟು. ಗೋಡೆಯ ತೂತಿನಿಂದ ಬರುವ ಆ ಕಣ್ಣಿಗೆ ಕಾಣದ ಪದಾರ್ಥದ ಮೇಲೆ ಹಲ್ಲು ಕಡಿಯುತ್ತಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ಉಳಿದರ್ಧ ಟಿವಿಯ ಹಿಂದೆ ಹೋಯಿತು. ಊರಿನವರೆಲ್ಲ ಟಿವಿಯ ಮುಂದೆ ಕೂತು ಸುಖಪಟ್ಟರೆ ನಾನು ಅದರ ಬೆನ್ನ ಹಿಂದಿನ ಧೂಳು ಮತ್ತು ಜೇಡರಬಲೆಯಲ್ಲಿ ತಲೆ ತೂರಿಸಿಕೊಂಡು ಕೂತವನು. ಮದುವೆಯಾದ ಹೊಸದರಲ್ಲಿ ಯಾರಾದರೂ ಬಾಗಿಲಿಗೆ ಬಂದು “ಸಾಹೇಬ್ರು ಅದಾರೇನ್ರಿ?” ಎಂದು ಕೇಳಿದರೆ ನನ್ನ ಹೆಂಡತಿ ಗಿರಿಜಾ “ಅದಾರ್ರಿ, ಟಿವಿ ಹಿಂದ ಅದಾರ” ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಅವಳು ಮಾತ್ರ ನಗುತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು ಕೊಪ್ಪಳ ಹೊಸ ಜಿಲ್ಲೆಯಾದ ವರ್ಷ. ಆಗ ನಾನು ಕುಷ್ಟಗಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಹೊಸ ಜಿಲ್ಲೆ ಎಂದರೆ ಹೊಸ ಕಚೇರಿಗಳು, ಹೊಸ ಕಚೇರಿಗಳೆಂದರೆ ಕಂಪ್ಯೂಟರುಗಳು, ಕಂಪ್ಯೂಟರೆಂದರೆ ಅದರ ಮುಂದೆ ಫ್ಯಾನಿನ ಕೆಳಗೆ ಒಂದು ಖುರ್ಚಿ. ಆ ಖುರ್ಚಿಯ ಮೇಲೆ ಕಣ್ಣಿಟ್ಟು, ಹೊಸಪೇಟೆಯಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ತರಬೇತಿ ಕೇಂದ್ರದಿಂದ ಕಂಪ್ಯೂಟರೊಂದನ್ನು ಕೊಂಡುತಂದೆ. ಹತ್ತು ಹನ್ನೆರಡು ವರ್ಷ ಹಳೆಯದು. ಮನೆಯಲ್ಲಿ ಇಟ್ಟುಕೊಳ್ಳಲೆಂದೇ ಒಂದು ಕಾಲದಲ್ಲಿ ಮಾಡುತ್ತಿದ್ದ ಜಾತಿಯದು. ಕೀಲಿಮಣೆಯೇ ಕಂಪ್ಯೂಟರು, ಅದರ ಹೊಟ್ಟೆಯೊಳಗೇ ಎಲ್ಲ. ಅದಕ್ಕೆ ಸ್ವಂತ ಪರದೆಯಿಲ್ಲ, ಮನೆಯ ಟಿವಿಗೇ ಚುಚ್ಚಬೇಕು. ಬರೆದದ್ದನ್ನು ಉಳಿಸಿಕೊಳ್ಳಲು ಹಾಡು ಕೇಳುವ ಕ್ಯಾಸೆಟ್ಟೇ ಸಾಕು. ಕರೆಂಟು ಕೊಡುವುದಕ್ಕೆ ಇಟ್ಟಂಗಿಯಷ್ಟು ದಪ್ಪದ ಒಂದು ಕಪ್ಪು ಡಬ್ಬಿ, ಮುಟ್ಟಿದರೆ ಜ್ವರ ಬಂದ ಮಗುವಿನ ಹಣೆಯಂತೆ ಬಿಸಿ. ಕಚೇರಿಗೆ ಕಂಪ್ಯೂಟರುಗಳೇನೋ ಬಂದವು, ಆದರೆ ಅವು ಬೇರೆಯ ಕುಲದವು. ನನ್ನದಕ್ಕೂ ಅವಕ್ಕೂ ಮಾತುಕತೆಯೇ ಇಲ್ಲ. ಖುರ್ಚಿ ಸಾಹೇಬರ ಅಳಿಯನಿಗೆ ಸಿಕ್ಕಿತು. ನನಗೆ ಉಳಿದದ್ದು ಈ ಯಂತ್ರ, ಮತ್ತು ಇದರಿಂದ ಏನಾದರೂ ಮಾಡಿ ತೋರಿಸಿಯೇ ಸಿದ್ಧ ಎಂಬ ಹಟ.

ಏನು ಮಾಡಬೇಕೆಂದು ನನಗೆ ತೋಚುವ ಮೊದಲು ಗಿರಿಜಾಗೆ ತೋಚಿತು. ಒಂದು ದಿನ ಅವಳು ಕೈಯಲ್ಲಿ ಸೂಜಿದಾರ ಹಿಡಿದುಕೊಂಡೇ ಬಂದು ಟಿವಿಯ ಮುಂದೆ ಬಗ್ಗಿ ನೋಡಿದಳು. ಪರದೆಯ ಅಕ್ಷರಗಳೆಲ್ಲ ಸಣ್ಣ ಸಣ್ಣ ಚೌಕಗಳಿಂದ ಆದದ್ದು ಅವಳ ಕಣ್ಣಿಗೆ ಬಿತ್ತು. “ಅಲ್ರೀ, ಇದೂ ಎಣಿಕಿ ಕೆಲಸನ ಅಲ್ಲೇನ್ರಿ? ನಮ್ಮ ಕಸೂತಿ ಇದ್ದಂಗ?” ಎಂದಳು. ಗಿರಿಜಾಳ ತವರು ಯಲಬುರ್ಗಾ ಕಡೆಯ ಬೇವೂರು. ಆ ಮನೆಯ ಹೆಂಗಸರು ಕುಪ್ಪಸಕ್ಕೆ, ಇಳಕಲ್ ಸೀರೆಯ ಸೆರಗಿಗೆ ಕಸೂತಿ ಹಾಕುತ್ತಿದ್ದರು. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡುವ ಪದ್ಧತಿಯಿಲ್ಲ. ಎಳೆ ಎಣಿಸುತ್ತ ಹೋಗಬೇಕು, ಹೋದ ದಾರಿಯಲ್ಲೇ ತುಂಬುತ್ತ ತಿರುಗಿ ಬರಬೇಕು, ಗಂಟು ಹಾಕಬಾರದು, ಹಿಂದೆ ಮುಂದೆ ಎರಡೂ ಒಂದೇ ಆಗಿ ಕಾಣಬೇಕು. ಲೆಕ್ಕವೆಲ್ಲ ನೆನಪಿನಲ್ಲಿ. ಅವಳ ಅಜ್ಜಿಗೆ ಮಾತ್ರ ಬರುತ್ತಿದ್ದ ಒಂದು ಚಿತ್ತಾರವಿತ್ತಂತೆ. ಎರಡು ಗಿಳಿ ಎದುರುಬದುರು ಕೂತು ಒಂದೇ ಜೋಳದ ತೆನೆಯನ್ನು ಎರಡೂ ಕಡೆಯಿಂದ ಕಚ್ಚಿಕೊಂಡಿರುವುದು. ಅಜ್ಜಿ ಅದನ್ನು ಗಿರಿಜಾಗೆ ಬಾಯಿಲೆಕ್ಕದಲ್ಲಿ ಕಲಿಸಿ ತೀರಿಕೊಂಡಿದ್ದರು. ಅಜ್ಜಿಯೇ ಹಾಕಿದ ಒಂದೇ ಒಂದು ಕುಪ್ಪಸ ಉಳಿದಿತ್ತು. ಅದೂ ಬೆಳಕಿಗೆ ಹಿಡಿದರೆ ಆಚೆಗಿನದು ಕಾಣುವಷ್ಟು ಸವೆದಿತ್ತು.

“ನಮ್ಮಜ್ಜಿ ಗಿಣಿ ಇದರಾಗ ಹಾಕ್ರಿ. ನಾ ಎಣಿಕಿ ಹೇಳ್ತೀನಿ, ನೀವು ಕುಟ್ರಿ. ಬಟ್ಟಿ ಹರೀತೈತಿ, ಇದು ಹರಿಯಂಗಿಲ್ಲಲ್ಲ” ಎಂದಳು ಗಿರಿಜಾ. ಮದುವೆಯಾದ ಮೇಲೆ ಅವಳು ನನ್ನಿಂದ ಬಾಯಿಬಿಟ್ಟು ಕೇಳಿದ ಮೊದಲನೆಯ ವಸ್ತು ಅದು. ಸೀರೆಯಲ್ಲ, ಬೆಂಡೋಲೆಯಲ್ಲ, ಎರಡು ಗಿಳಿ. ನನಗೆ ಖುಷಿಯಾಯಿತು. ಅಂತೂ ಇಂತೂ ಈ ಯಂತ್ರಕ್ಕೊಂದು ಕೆಲಸ ಸಿಕ್ಕಿತಲ್ಲ ಎಂದು ಆ ಭಾನುವಾರವೇ ಕೂತೆವು. ಅವಳು ಕಣ್ಣು ಮುಚ್ಚಿಕೊಂಡು ಎಣಿಕೆ ಹೇಳಿದಳು, ನಾನು ಕೊಕ್ಕಿನಿಂದ ಶುರುಮಾಡಿದೆ. ಹಸಿರು ಮೈ, ಕೆಂಪು ಕೊಕ್ಕು. ಕೊಕ್ಕು ಮೂಡಿತು. ಮೂಡಿದ್ದೇ ತಡ, ಕೆಂಪು ತನ್ನ ಚೌಕದಲ್ಲಿ ನಿಲ್ಲದೆ ಎಡಕ್ಕೂ ಬಲಕ್ಕೂ ಹರಡಿ ಗಂಟಲವರೆಗೆ ಇಳಿಯಿತು. ಗಿಳಿ ಎಲೆಅಡಿಕೆ ಹಾಕಿಕೊಂಡು ಎದೆಯ ಮೇಲೆ ಉಗುಳಿಕೊಂಡ ಹಾಗೆ ಕಾಣಿಸಿತು. ನಾನು ಕೈ ತೆಗೆದುಬಿಟ್ಟೆ. “ಹಿಂಗಾದ್ರ ಆಗಂಗಿಲ್ಲ. ಮೊದಲ ಚಿತ್ರ ಸ್ವಚ್ಛ ಬರಲಿ, ಆಮ್ಯಾಲ ಗಿಣಿ” ಎಂದೆ. ಅವಳು “ಇರಲಿ ಬಿಡ್ರಿ, ಗೊತ್ತಾಗತೈತಿ” ಎಂದಳು. ನಾನು ಕೇಳಲಿಲ್ಲ. ಕೆಲಸ ಅಂದರೆ ಕೆಲಸ, ಹೇಗೋ ಮಾಡಿ ಮುಗಿಸುವವನು ನಾನಲ್ಲ.

ಈ ರೋಗದ ಮೂಲ ನನಗೆ ಗೊತ್ತಿತ್ತು. ಕಂಪ್ಯೂಟರು ತನ್ನ ಚಿತ್ರವನ್ನು ಮೊದಲು ಒಂದು ಟಿವಿ ಚಾನೆಲ್ಲಿನ ವೇಷಕ್ಕೆ ಬದಲಿಸುತ್ತದೆ, ಟಿವಿ ಆ ವೇಷವನ್ನು ಕಳಚಿ ಮತ್ತೆ ಚಿತ್ರ ಮಾಡುತ್ತದೆ. ಈ ಉಡಿಸುವ ಬಿಚ್ಚುವ ಗಲಾಟೆಯಲ್ಲಿ ಬಣ್ಣವೆಲ್ಲ ಒಂದಕ್ಕೊಂದು ಮೆತ್ತಿಕೊಳ್ಳುತ್ತದೆ. ಹಾಗಾಗಿ ನಾನು ವಾಯರು ಬದಲಿಸಿದೆ, ಪಿನ್ನು ಬದಲಿಸಿದೆ, ಟಿವಿಯನ್ನು ಉತ್ತರಕ್ಕೆ ತಿರುಗಿಸಿದೆ, ಪೂರ್ವಕ್ಕೆ ತಿರುಗಿಸಿದೆ. ಒಂದು ಸಂಜೆ ಕೇಬಲ್ಲಿನ ವಾಯರನ್ನು ಬಿಚ್ಚದೆ ಅದರ ಪಕ್ಕದಲ್ಲೇ ಕಂಪ್ಯೂಟರಿನ ವಾಯರನ್ನೂ ಹೊಸೆದು ಸಿಕ್ಕಿಸಿ ನೋಡಿದೆ. ಪರೀಕ್ಷೆಗೆಂದು ನನ್ನ ಹೆಸರು ಪರದೆಯ ತುಂಬ ಮೂಡುತ್ತಲೇ ಹೋಗುವಂತೆ ಬರೆದೆ. ನಮ್ಮ ಟಿವಿಯಲ್ಲಿ ಎಂದಿನಂತೆ ಕಲಸುಮೇಲೋಗರ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ನೀಲಮ್ಮ ಸೆರಗು ಬಿಗಿದುಕೊಂಡು ಬಂದರು. “ಗಿರಿಜಾ, ಏನವಾ ಇದು? ಧಾರಾವಾಹಿಯೊಳಗ ಆ ಹುಡುಗಿ ವಿಷ ಕುಡೀತಾಳೋ ಇಲ್ಲೋ ಅನ್ನೂದರಾಗ ನಿನ್ನ ಗಂಡನ ಹೆಸರು ಬರಾಕತ್ತೈತಿ! ಓಣಿ ತುಂಬ ಹಂಗ ಬರಾಕತ್ತೈತಂತ!” ನಾನು ಟಿವಿಯ ಹಿಂದಿನಿಂದಲೇ ತಲೆ ಎತ್ತಿ “ಅಕ್ಷರ ಸ್ವಚ್ಛ ಕಾಣಿಸ್ತಾವೇನ್ರಿ ನಿಮ್ಮನಿಯೊಳಗ?” ಎಂದು ಕೇಳಿದೆ. “ಮುತ್ತಿನಂಗ ಕಾಣಿಸ್ತಾವು ಸುಡ್ಲಿ” ಎಂದರು. ನನ್ನ ಚಿತ್ರ ಕೇಬಲ್ಲಿನ ವಾಯರು ಹಿಡಿದು ಹಿಂದಕ್ಕೆ ಹರಿದಿತ್ತು. ಓಣಿಯ ಎಲ್ಲ ಮನೆಗಳಲ್ಲೂ ಸ್ವಚ್ಛ, ನನ್ನ ಮನೆಯಲ್ಲಿ ಮಾತ್ರ ಮಸುಕು. ನನ್ನ ನಸೀಬಿನ ಪರಿಚಯ ನನಗೆ ಸರಿಯಾಗಿ ಆದದ್ದು ಆ ಸಂಜೆ. ಕೇಬಲ್ಲಿನವನು ಮರುದಿನ ಬಂದು ನಮ್ಮ ಮನೆಯ ಸಂಪರ್ಕವನ್ನು ಕತ್ತರಿಸಿ ಹೋದ. ಗಿರಿಜಾ ತನ್ನ ಧಾರಾವಾಹಿಯನ್ನು ನೀಲಮ್ಮನ ಮನೆಗೆ ಹೋಗಿ ನೋಡತೊಡಗಿದಳು. ಆ ಹುಡುಗಿ ವಿಷ ಕುಡಿಯಲಿಲ್ಲವಂತೆ.

ಮುಂದೆ ನನಗೆ ಗಂಗಾವತಿಗೆ ವರ್ಗವಾಯಿತು. ಕುಷ್ಟಗಿಯ ಕರೆಂಟು ಬಡಪಾಯಿ, ಬಲ್ಬಿನ ತಂತಿಯನ್ನು ಕೆಂಪಗೆ ಮಾಡುವಷ್ಟರಲ್ಲೇ ಅದಕ್ಕೆ ಏದುಸಿರು. ಗಂಗಾವತಿಯದು ಶ್ರೀಮಂತರ ಮನೆಯ ಹುಂಬ. ಕಾಲುವೆಯ ಪಂಪುಗಳು, ಅಕ್ಕಿ ಗಿರಣಿಗಳು ಓಡುತ್ತಿರುವಾಗ ಅದು ಎಲ್ಲಿರುತ್ತದೋ ಗೊತ್ತಾಗುವುದಿಲ್ಲ. ಗಿರಣಿಗಳು ಊಟಕ್ಕೆ ನಿಂತವೋ, ಅಲ್ಲಿ ಮಿಕ್ಕದ್ದೆಲ್ಲ ಒಮ್ಮೆಲೇ ಮನೆಗಳಿಗೆ ನುಗ್ಗುತ್ತದೆ. ಬಲ್ಬುಗಳು ಹಗಲಿನಲ್ಲೇ ಪಟಪಟನೆ ಸಿಡಿಯುತ್ತವೆ. ನನ್ನ ಕಂಪ್ಯೂಟರಿಗೆ ಬೇಕಾದದ್ದು ಐದೇ ಐದು ವೋಲ್ಟು. ನಾಲ್ಕೂವರೆಯಾದರೆ ಮಂಕಾಗುತ್ತದೆ, ಆರಾದರೆ ಸುಟ್ಟುಕೊಳ್ಳುತ್ತದೆ. ನನ್ನ ಇಟ್ಟಂಗಿ ಡಬ್ಬಿಗೂ ವಯಸ್ಸಾಗಿತ್ತು. ಇಂಥ ಡಬ್ಬಿಗಳು ಮುದಿಯಾದಂತೆ ಕಡಿಮೆ ಕೊಡುವುದಿಲ್ಲ, ಹೆಚ್ಚು ಕೊಡುತ್ತವೆ. ಹೊರಗೆ ಏನೂ ಗೊತ್ತಾಗದಂತೆ ಒಳಗಿನ ಎಲೆಕ್ಟ್ರಾನಿಕ್ ಚಿಪ್ಪುಗಳನ್ನು ಒಂದೊಂದಾಗಿ ಕೊಲ್ಲುತ್ತವೆ. ಒಳ್ಳೆಯ ಡಬ್ಬಿಯೊಂದನ್ನು ಮಾಡಿಸಿಬಿಡೋಣ, ಚಿತ್ರದ ವಿಚಾರ ಆಮೇಲೆ, ಗಿಳಿಯ ವಿಚಾರ ಅದಕ್ಕೂ ಆಮೇಲೆ ಎಂದುಕೊಂಡು ಮೌಲಾಸಾಬನ ಅಂಗಡಿಗೆ ಹೋದೆ.

ಮೌಲಾಸಾಬ ಪಂಪಿನ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವವನು. ಗಂಗಾವತಿಯ ಸುತ್ತ ಅವನು ಸುತ್ತಿದ ಮೋಟರಿಲ್ಲದ ಗದ್ದೆಯಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ “ಐದು ವೋಲ್ಟ? ಇಷ್ಟ ದೊಡ್ಡ ಮಶೀನಿಗೆ ಐದಽ ವೋಲ್ಟ?” ಎಂದು ಮರುಗಿದ. ನನ್ನ ಯಂತ್ರವನ್ನು ಉಪವಾಸ ಕೆಡವಿದ್ದೇನೆಂದು ಅವನಿಗೆ ಅನುಮಾನ. “ಐದಕ್ಕಿಂತ ಹೆಚ್ಚಾಗಬಾರದು ನೋಡಪ” ಎಂದು ಮತ್ತೆ ಮತ್ತೆ ಹೇಳಿದೆ. “ಬೇಫಿಕರ್ ಹೋಗ್ರಿ ಸಾಹೇಬ್ರ” ಎಂದ. ಹೇಳಿದ ದಿನಕ್ಕೆ ಡಬ್ಬಿ ಸಿದ್ಧವಾಗಿತ್ತು. ಹಸಿರು ಬಣ್ಣ ಬಳಿದು, ಹಿಡಿಕೆ ಕೂಡ ಹಚ್ಚಿದ್ದ. ಅಂಥ ಚೆಂದದ ಡಬ್ಬಿಯನ್ನು ನಾನು ಈವರೆಗೆ ಕಂಡಿಲ್ಲ. ಮನೆಗೆ ತಂದು ಹಚ್ಚಿದೆ. ಚಿತ್ರ ಬಂತು. ಆಹಾ, ಎಂದೂ ಇಲ್ಲದ ಹೊಳಪು! ಗಿರಿಜಾಳನ್ನು ಕೂಗಿದೆ. ಅವಳು ಕುಪ್ಪಸ ಹುಡುಕಿಕೊಂಡು ಬರುವಷ್ಟರಲ್ಲಿ ಯಾವುದೋ ಗಿರಣಿ ಊಟಕ್ಕೆ ನಿಂತಿತು. ಕೀಲಿಮಣೆಯ ಸಂದಿಯಿಂದ ಒಂದು ಎಳೆ ಹೊಗೆ ಎದ್ದಿತು, ಪರದೆ ಕಪ್ಪಾಯಿತು. ಬಾಗಿಲಲ್ಲಿ ನಿಂತಿದ್ದ ಗಿರಿಜಾ ಕುಪ್ಪಸವನ್ನು ಮತ್ತೆ ಮಡಚಿಕೊಂಡು ಒಳಗೆ ಹೋದಳು.

ಡಬ್ಬಿಯನ್ನು ಹೊತ್ತುಕೊಂಡು ಮೌಲಾಸಾಬನ ಮುಂದೆ ಕುಕ್ಕಿದೆ. ಅವನು ಮೀಟರು ಹಿಡಿದು ನೋಡಿ ಸಮಾಧಾನದಿಂದ ಹೇಳಿದ: “ಬರಾಬರ್ ಐತಲ್ರಿ. ಐದು ನಿಮ್ಮದು, ಮ್ಯಾಲ ಒಂದೂವರಿ ಕೊಸರು. ಹಾದಿಯೊಳಗ ಒಂಚೂರು ಸೋರತೈತಿ, ಲೈನ್ ಡೌನ್ ಆಗತೈತಿ. ಬರೇ ಅಳತಿ ಕೊಟ್ಟು ಕಳಿಸೂ ಪೈಕಿ ಅಲ್ರಿ ನಾವು.” ಹೊರಗಿನವರಿಗೆ ಇದನ್ನು ಹೇಗೆ ಹೇಳಲಿ? ನಮ್ಮ ಸಂತೆಯಲ್ಲಿ ಕಾಯಿಪಲ್ಲೆಯನ್ನು ತೂಗಿ ಕೊಟ್ಟ ಮೇಲೆ ಮೇಲಿಷ್ಟು ಹಾಕದಿದ್ದರೆ ಅದು ವ್ಯಾಪಾರವೇ ಅಲ್ಲ. ಒಂದು ಹಿಡಿ ಮೆಣಸಿನಕಾಯಿ, ನಾಲ್ಕು ಎಸಳು ಕೊತ್ತಂಬರಿ ಬುಟ್ಟಿಗೆ ಬೀಳಲೇಬೇಕು. ಅಳತೆಗೆ ಸರಿಯಾಗಿ ಕೊಡುವವನನ್ನು ನಾವು ಜಿಪುಣ ಎನ್ನುತ್ತೇವೆ. ಪಂಪಿನ ಮೋಟರಿಗೂ ಅವನು ಹೀಗೇ ಪ್ರೀತಿಯಿಂದ ನಾಲ್ಕು ಸುತ್ತು ಹೆಚ್ಚು ಸುತ್ತಿ, ರೈತರಿಂದ ಭೇಷ್ ಅನ್ನಿಸಿಕೊಂಡವನು. ನಾನು ಕೂಗಾಡಿದೆ. ಅವನಿಗೂ ಬೇಜಾರಾಯಿತು. “ಬಡಿಸಿದ್ದು ಉಣ್ಣಾಕ ನಿಮ್ಮ ಮಶೀನಿಗೆ ಬರಲಿಲ್ಲಂದ್ರ ಬಡಿಸಿದವನ ತಪ್ಪೇನ್ರಿ?” ಎಂದ. ಬೈದುಕೊಂಡೇ ಅವನು ತರಿಸಿದ ಚಹಾ ಕುಡಿದು ಬಂದೆ. ಈ ನಾಡಿನಲ್ಲಿ ದ್ವೇಷಕ್ಕೆ ಸತ್ತದ್ದಕ್ಕಿಂತ ಉಪಚಾರಕ್ಕೆ ಸತ್ತದ್ದೇ ಹೆಚ್ಚು ಎಂದು ನನಗೆ ಅನ್ನಿಸತೊಡಗಿದ್ದು ಆಗಿನಿಂದ.

ಸತ್ತಿದ್ದು ಚಿತ್ರ ಮೂಡಿಸುವ ಚಿಪ್ಪು. ಅದನ್ನು ಮಾಡುವುದನ್ನು ಜಗತ್ತು ಯಾವಾಗಲೋ ನಿಲ್ಲಿಸಿತ್ತು. ಯಂತ್ರವನ್ನು ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ವರ್ಷಗಳು ಹೋದವು. ಹೋಗುವುದು ಅವುಗಳ ಕೆಲಸ. ನಡುನಡುವೆ ಗಿರಿಜಾ ಕೇಳುತ್ತಿದ್ದಳು, “ಅದೇನಾತ್ರಿ, ಗಿಣಿದು?” “ಚಿಪ್ಪು ಸಿಗಲಿ” ಎನ್ನುತ್ತಿದ್ದೆ. ಒಮ್ಮೆ “ಒಂದು ಹಾಳಿ ಮ್ಯಾಲರ ಬರೆದಿಡೂಣೇನು?” ಎಂದಳು. “ಹಾಳಿ ಮ್ಯಾಲ ಬರಿಯಾಕ ಕಂಪ್ಯೂಟರ್ ಯಾಕ ಬೇಕಿತ್ತು?” ಎಂದು ನಾನು ಸಿಡುಕಿದೆ. ಆಮೇಲೆ ಕೇಳುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ನಿಂತಿದ್ದು ನನಗೆ ಗೊತ್ತೂ ಆಗಲಿಲ್ಲ. ಆಗ ನಾನು ಸ್ಟೆಬಿಲೈಜರುಗಳ ಬಗ್ಗೆ ಓದುತ್ತಿದ್ದೆ.

ನಿವೃತ್ತಿಯಾಗಿ ಕೊಪ್ಪಳದಲ್ಲಿ ಮನೆ ಮಾಡಿದ ಮೇಲೆ ನನ್ನ ಅದೃಷ್ಟ ಖುಲಾಯಿಸಿತು. ಮೊಬೈಲಿನಲ್ಲಿ ಹುಡುಕುತ್ತ ಹೋದರೆ ನನ್ನಂಥ ತಲೆಕೆಟ್ಟವರು ಪ್ರಪಂಚದ ತುಂಬ ಇದ್ದಾರೆ! ಎಲ್ಲರೂ ಟಿವಿಯ ಹಿಂದೆಯೇ ಕೂತವರು, ಎಲ್ಲರಿಗೂ ಐದು ವೋಲ್ಟಿನದೇ ಚಿಂತೆ. ಅವರಲ್ಲೊಬ್ಬ ಪುಣ್ಯಾತ್ಮ ಹಳೆಯ ಚಿಪ್ಪೊಂದನ್ನು ಹತ್ತಿಯಲ್ಲಿ ಸುತ್ತಿ ಅಂಚೆಯಲ್ಲಿ ಕಳಿಸಿದ. ಐದು ವೋಲ್ಟನ್ನು ಐದರಲ್ಲೇ ಹಿಡಿದು ನಿಲ್ಲಿಸುವ, ಎಳ್ಳಷ್ಟು ಮೇಲೆ ಹೋದರೂ ತಾನೇ ಕತ್ತರಿಸಿಕೊಳ್ಳುವ ಹೊಸ ಡಬ್ಬಿ ತರಿಸಿದೆ. ಕೊಸರು ಎಂದರೇನೆಂದೇ ಅರಿಯದ ಡಬ್ಬಿ. ಚಾನೆಲ್ಲಿನ ವೇಷವನ್ನೇ ಬಿಟ್ಟು, ಬೆಳಕಿಗೆ ಒಂದು ವಾಯರು, ಬಣ್ಣಕ್ಕೆ ಒಂದು ವಾಯರು ಎಂದು ಬೇರೆಬೇರೆಯಾಗಿ ಹೊರಗೆ ತಂದೆ. ಅವನ್ನು ಹೊಸ ಚಪ್ಪಟೆ ಟಿವಿಗೆ ತಿಳಿಯುವ ಭಾಷೆಗೆ ತಿರುಗಿಸುವ ಒಂದು ಪುಟ್ಟ ಪೆಟ್ಟಿಗೆ ಹಚ್ಚಿದೆ. ಗುಂಡಿ ಒತ್ತಿದೆ. ನೀಲಿ ಪರದೆ, ಅದರ ಮೇಲೆ ಅಕ್ಷರಗಳು, ಪ್ರತಿ ಚೌಕದ ಅಂಚೂ ಬ್ಲೇಡಿನಿಂದ ಕೊಯ್ದ ಹಾಗೆ. ಕೆಂಪು ಒಂದು ಚೌಕ ಇಟ್ಟೆ, ಅದರ ಪಕ್ಕ ಹಸಿರು. ಒಂದು ಇನ್ನೊಂದರ ಮೈಗೆ ಬೆರಳೂ ತಾಗಿಸಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅದೇ ವಾರ ಸಾಣಾಪುರದ ಕೆರೆ ನೋಡಲು ಬಂದು ನಮ್ಮಲ್ಲಿ ಇಳಿದುಕೊಂಡಿದ್ದ ನೆಂಟರನ್ನೆಲ್ಲ ಕೂರಿಸಿ ಆ ಎರಡು ಚೌಕ ತೋರಿಸಿದೆ. ಅವರು ಬಹಳ ಹೊತ್ತು ನೋಡಿ “ಇನ್ನೇನು ಬರತೈತ್ರಿ ಇದರಾಗ?” ಎಂದರು. “ಇಷ್ಟ” ಎಂದೆ. ಮರುದಿನವೇ ಹೊರಟುಹೋದರು.

ನೆಂಟರು ಹೋದ ಮಧ್ಯಾಹ್ನ ಗಿರಿಜಾಳನ್ನು ಕರೆದೆ. ಅವಳು ಕೈ ಒರೆಸಿಕೊಂಡು ಬಂದು, ಕನ್ನಡಕ ಏರಿಸಿಕೊಂಡು ಕೂತಳು. “ಹೇಳು, ಕೊಕ್ಕಿನಿಂದ ಹಿಡಿ. ಈಗ ಒಂದು ಎಳಿ ಆಕಡೆ ಈಕಡೆ ಆಗಂಗಿಲ್ಲ” ಎಂದೆ. ಅವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. ಕಣ್ಣು ಮುಚ್ಚಿದಳು. ಎಡಗೈಯಲ್ಲಿ ಸೆರಗಿನ ಅಂಚು ಹಿಡಿದು, ಬಲಗೈಯ ಬೆರಳನ್ನು ಸೂಜಿಯ ಹಾಗೆ ಆಡಿಸುತ್ತ ಬಾಯಲ್ಲೇ ಏನೋ ಎಣಿಸಿದಳು. ಬೆರಳು ಒಂದು ಕಡೆ ನಿಂತಿತು. ಮತ್ತೆ ಮೊದಲಿನಿಂದ ಶುರುಮಾಡಿದಳು, ಮತ್ತೆ ಅಲ್ಲೇ ನಿಂತಿತು. “ಕೊಕ್ಕಿನ ಮಟ ಬರತೈತಿ. ಕುತ್ತಿಗಿ ಹೊಳ್ಳೂದ್ರಾಗ ಎಣಿಕಿ ತಪ್ಪತೈತಿ” ಎಂದಳು. “ಆ ಕುಪ್ಪಸ ತೊಗೊಂಡು ಬಾ, ನೋಡಿ ಎಣಿಸೂಣು” ಎಂದೆ ನಾನು. “ಅದನ್ನ ಹರಿದು ಹೊಚ್ಚಿಕೊಳ್ಳೂ ಕೌದಿಗೆ ಹಾಕಿ ಎಷ್ಟು ವರ್ಷಾತ್ರಿ. ಆ ಕೌದಿನೂ ಹೋತು. ನನಗ ಕಣ್ಣಿಗೆ ಎಳಿ ಕಾಣದಂಗಾಗಿ ಸೂಜಿ ಬಿಟ್ಟೆ. ಸೂಜಿ ಬಿಟ್ಟ ಮ್ಯಾಲ ಎಣಿಕಿ ಎಲ್ಲಿ ನಿಲ್ಲತೈತಿ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಾನು ಸುಮ್ಮನಿರಲಾರದೆ ನನ್ನ ವಕಾಲತ್ತು ಶುರುಮಾಡಿದೆ. ಕುಷ್ಟಗಿಯ ವೋಲ್ಟೇಜು, ಗಂಗಾವತಿಯ ಗಿರಣಿಗಳು, ಮೌಲಾಸಾಬನ ಧಾರಾಳತನ, ಆಗಿನ ಟಿವಿಗಳ ಹಣೆಬರಹ. ಆಗಿನ ಆ ಮಸುಕಿನಲ್ಲಿ ಕೊಕ್ಕು ಯಾವುದು ಕತ್ತು ಯಾವುದು ಯಾರಿಗೆ ತಿಳಿಯುತ್ತಿತ್ತು ಎಂದೆ. ಗಿರಿಜಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. “ಮಸಕಿದ್ರ ಏನಾಗ್ತಿತ್ರಿ? ನೋಡಾಕಿ ನಾನ ಅಲ್ಲೇನು? ಅದು ಗಿಣಿ ಅಂತ ನನಗ ಗೊತ್ತಿತ್ತಲ್ಲ” ಎಂದಳು.

ಅವಳು ಎದ್ದು ಒಳಗೆ ಹೋದಳು, ಒಲೆಯ ಮೇಲೆ ಅನ್ನ ಇತ್ತು. ನಾನು ಆ ಪರದೆಯ ಮುಂದೆ ಒಬ್ಬನೇ ಕೂತೆ. ಕನ್ನಡಿಯಷ್ಟು ಸ್ವಚ್ಛವಾದ ನೀಲಿ, ನಡುವೆ ಒಂದು ಕೆಂಪು ಚೌಕ, ಒಂದು ಹಸಿರು ಚೌಕ. ಅವುಗಳ ಪಕ್ಕದಲ್ಲಿಡಲು ಮೂರನೆಯದೊಂದು ಚೌಕ ನನ್ನ ಹತ್ತಿರವಿರಲಿಲ್ಲ. ನೋಡುತ್ತ ನೋಡುತ್ತ, ಕೆಂಪು ಚೌಕದ ಎಡಗಡೆಯ ಅಂಚು ತುಸುವೇ, ಕೂದಲೆಳೆಯಷ್ಟು, ನಡುಗುತ್ತಿರುವುದು ಕಣ್ಣಿಗೆ ಬಿತ್ತು. ಅರ್ಥಿಂಗ್ ಸರಿಯಿಲ್ಲವೇನೋ. ಬ್ಯಾಟರಿ ಹಿಡಿದುಕೊಂಡು ಟಿವಿಯ ಹಿಂದೆ ಹೋದೆ.